ಸೊತ್ತಿನ ಪಟ್ಟಿಯೂ ಭಾನುವಾರದ ಊಟವೂ: ಡಯಾನ್ ಜಾನ್ಸನ್ ಅವರ ‘ಲ ದಿವೋರ್ಸ್’

ಅಮೆರಿಕದ ಲೇಖಕಿ ಡಯಾನ್ ಜಾನ್ಸನ್ ಅವರ ‘ಲ ದಿವೋರ್ಸ್’ 1997ರಲ್ಲಿ ಬಂದ ಇಂಗ್ಲಿಷ್ ಕಾದಂಬರಿ. ಆ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡಿನ ಅಂತಿಮ ಸುತ್ತಿಗೆ ಬಂದ ಐದು ಕೃತಿಗಳಲ್ಲಿ ಇದೂ ಒಂದಾಗಿತ್ತು. ಪ್ಯಾರಿಸಿಗೆ ಬಂದಿಳಿದ ಕ್ಯಾಲಿಫೋರ್ನಿಯಾದ ಹುಡುಗಿ, ಅಲ್ಲಿ ಅವಳಿಗೆ ಒದಗುವ ಪ್ರೇಮ, ಮುರಿದು ಬೀಳುತ್ತಿರುವ ಅವಳ ಅಕ್ಕನ ಸಂಸಾರ, ಅಕ್ಕನನ್ನು ಸೊಸೆಯಾಗಿ ತಂದುಕೊಂಡ ಫ್ರೆಂಚ್ ಮನೆತನ ಎಂದು ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಟ್ಟರೆ, ರೈಲು ಪ್ರಯಾಣದಲ್ಲಿ ಓದಿ ಮುಗಿಸಿ ಮರೆತುಬಿಡಬಹುದಾದ ಪುಸ್ತಕವೆಂದು ಯಾರಿಗಾದರೂ ಅನಿಸೀತು. ಹಾಗೆ ಓದಿದರೂ ನಷ್ಟವಿಲ್ಲ, ನಗು ಧಾರಾಳವಾಗಿ ಸಿಗುತ್ತದೆ. ಆದರೆ ಕಾಸರಗೋಡಿನಲ್ಲಿ ಕುಟುಂಬ ವ್ಯಾಜ್ಯಗಳ ಕಡತಗಳ ನಡುವೆಯೇ ವೃತ್ತಿ ಜೀವನವನ್ನು ಕಳೆದ ವಕೀಲನಾದ ನನಗೆ ಈ ಕೃತಿ ಬೇರೊಂದು ಕಾರಣಕ್ಕೆ ಬಹಳ ಹಿಡಿಸಿತು. ಒಂದು ಮನೆಯವರು ಊಟದ ಮೇಜಿನ ಸುತ್ತ ಕುಳಿತು ಬಾಯಿಬಿಟ್ಟು ಹೇಳದಿರುವುದೆಲ್ಲ, ಸೊತ್ತಿನ ಪಟ್ಟಿ ತಯಾರಾಗುವ ಹೊತ್ತಿಗೆ ಒಂದೊಂದಾಗಿ ಹೊರಗೆ ಬರುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ, ಇಷ್ಟೊಂದು ನಗಿಸುತ್ತಾ ತೋರಿಸಿದ ಇನ್ನೊಂದು ಕಾದಂಬರಿಯನ್ನು ನಾನು ಓದಿಲ್ಲ.

ಕಥೆ ಹೇಳುವವಳು ಇಸಬೆಲ್ ವಾಕರ್. ಸಾಂತಾ ಬಾರ್ಬರಾದವಳು, ಸಿನಿಮಾ ಶಾಲೆಯ ಓದನ್ನು ನಡುವೆಯೇ ಬಿಟ್ಟವಳು, ಮುಂದೇನು ಮಾಡಬೇಕೆಂಬುದು ಇನ್ನೂ ತಿಳಿಯದ ಪ್ರಾಯದವಳು. ಅಕ್ಕ ರಾಕ್ಸಿ ಕವಿತೆ ಬರೆಯುವವಳು. ಶಾರ್ಲ್ ಆನ್ರಿ ದ ಪೆರ್ಸಾಂ ಎಂಬ ಫ್ರೆಂಚ್ ಚಿತ್ರಕಾರನನ್ನು ಮದುವೆಯಾಗಿ ಪ್ಯಾರಿಸಿನಲ್ಲಿ ನೆಲೆಸಿದ್ದಾಳೆ. ಮೂರು ವರ್ಷದ ಮಗಳಿದ್ದಾಳೆ, ಎರಡನೆಯ ಮಗು ಹೊಟ್ಟೆಯಲ್ಲಿದೆ. ಬಾಣಂತನಕ್ಕೆ ಆಸರೆಯಾಗಲೆಂದು, ತನ್ನ ಬದುಕಿಗೂ ಒಂದು ದಾರಿ ಕಂಡೀತೆಂದು ಇಸಬೆಲ್ ಬರುವ ಹೊತ್ತಿಗೆ ಗಂಡ ಮನೆ ಬಿಟ್ಟು ಹೋಗಿರುತ್ತಾನೆ. ಮಾಗ್ದಾ ಎಂಬ ಇನ್ನೊಬ್ಬನ ಹೆಂಡತಿಯಲ್ಲಿ ಅವನಿಗೆ ಪ್ರೇಮ ಹುಟ್ಟಿರುತ್ತದೆ. ಇಲ್ಲಿಂದ ಮುಂದೆ ಎರಡು ಎಳೆಗಳು ಜೊತೆಯಾಗಿ ಸಾಗುತ್ತವೆ: ರಾಕ್ಸಿಯ ವಿಚ್ಛೇದನ ಒಂದು ಕಡೆ, ಶಾರ್ಲ್ ಆನ್ರಿಯ ಸೋದರಮಾವನಾದ ಎಡ್ಗಾರ್ ಎಂಬ ಎಪ್ಪತ್ತರ ಹಿರಿಯನೊಡನೆ ಇಸಬೆಲ್ ಗುಟ್ಟಾಗಿ ಬೆಳೆಸುವ ಸಂಬಂಧ ಇನ್ನೊಂದು ಕಡೆ. ಕೊನೆಯ ತಿರುವನ್ನು ನಾನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಹೊರದೇಶದ ಬದುಕು ಎಂದೊಡನೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಗಲ್ಫ್. ಮನೆಗೊಬ್ಬರು ದುಬೈಯಲ್ಲೋ ದೋಹಾದಲ್ಲೋ ಇರುವ ಊರು ನಮ್ಮದು. ಆದರೆ ಅಲ್ಲಿ ಎಷ್ಟೋ ಕಾಲ ದುಡಿದು ಬಂದವರಲ್ಲೂ ಹೆಚ್ಚಿನವರು ಊರಿನವರೊಡನೆಯೇ ಒಂದೇ ಕೋಣೆಯಲ್ಲಿದ್ದು, ಊರಿನ ಅಡುಗೆಯನ್ನೇ ಉಂಡು, ಸ್ಥಳೀಯರ ಮನೆಯ ಊಟದ ಕೋಣೆಯನ್ನು ಒಮ್ಮೆಯೂ ಕಾಣದೆ ಮರಳಿದವರು. ಅವರ ಅನುಭವದಿಂದ ಹುಟ್ಟುವ ಕಥೆಗಳಲ್ಲಿ ಅಗಲಿಕೆ ಇರುತ್ತದೆ, ದುಡಿಮೆ ಇರುತ್ತದೆ, ಕಳುಹಿಸಿದ ಹಣ ಇರುತ್ತದೆ. ಆತಿಥ್ಯ ಕೊಟ್ಟ ನಾಡಿನವರ ಮನೆಯೊಳಗಿನ ಚಿತ್ರ ಇರುವುದಿಲ್ಲ. ಜಾನ್ಸನ್ ಅವರ ಕಾದಂಬರಿ ನಿಂತಿರುವುದು ಬೀಗತನದ ಮೇಲೆ. ಅಕ್ಕ ಆ ಮನೆಯ ಸೊಸೆಯಾದುದರಿಂದ ಇಸಬೆಲ್‌ಗೂ ಬಾಗಿಲು ತೆರೆಯುತ್ತದೆ, ಮೇಜಿನಲ್ಲಿ ತಟ್ಟೆ ಸಿಗುತ್ತದೆ, ಮನೆಯ ಗುಟ್ಟುಗಳು ಅವಳ ಕಿವಿಗೂ ಬೀಳುತ್ತವೆ. ಹೊರಗಿನವಳಾಗಿಯೇ ಉಳಿದು ಒಳಗೆ ಕುಳಿತಿರುವ ಈ ಸ್ಥಾನ ಹಾಸ್ಯ ಬರೆಯುವವರಿಗೆ ಒಂದು ಭಾಗ್ಯ. ಲೇಖಕಿ ಅದನ್ನು ಪೂರ್ತಿ ಬಳಸಿಕೊಂಡಿದ್ದಾರೆ.

ಪೆರ್ಸಾಂ ಮನೆಯ ಹಿರಿಯಳು ಸುಜಾನ್, ಶಾರ್ಲ್ ಆನ್ರಿಯ ತಾಯಿ. ಭಾನುವಾರದ ಮಧ್ಯಾಹ್ನ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳೆಲ್ಲ ಅವಳ ಮೇಜಿನಲ್ಲಿ ಸೇರಬೇಕು. ಗಂಡ ಬಿಟ್ಟುಹೋದ ಬಳಿಕವೂ ರಾಕ್ಸಿಗೆ ಆ ಊಟದ ಕರೆ ತಪ್ಪುವುದಿಲ್ಲ. ಒಂದಾದ ಮೇಲೊಂದು ಬಗೆ ಬಡಿಸುತ್ತಾರೆ, ರಾಜಕೀಯ ಮಾತಾಡುತ್ತಾರೆ, ಮಕ್ಕಳು ಚಾಕು ಮುಳ್ಳುಚಮಚ ಹಿಡಿಯುವ ಕ್ರಮವನ್ನು ತಿದ್ದುತ್ತಾರೆ, ಸೊಸೆಯ ಆರೋಗ್ಯವನ್ನು ಅಕ್ಕರೆಯಿಂದ ವಿಚಾರಿಸುತ್ತಾರೆ. ಖಾಲಿ ಬಿದ್ದಿರುವ ಆ ಒಂದು ಕುರ್ಚಿಯ ಕುರಿತು ಮಾತ್ರ ಯಾರೂ ಮಾತೆತ್ತುವುದಿಲ್ಲ. ಇಸಬೆಲ್ ಇದನ್ನು ನೋಡಿ ಮೊದಲು ದಂಗಾಗುತ್ತಾಳೆ. ಅವಳ ಕ್ಯಾಲಿಫೋರ್ನಿಯಾದಲ್ಲಿ ಇಂಥ ಸಂಗತಿಯಾದರೆ ಎಲ್ಲರೂ ಕುಳಿತು ಮನಸ್ಸಿನಲ್ಲಿದ್ದುದನ್ನು ಹೊರಗೆ ಹಾಕುತ್ತಾರೆ, ಅಳುತ್ತಾರೆ, ಸಲಹೆಗಾರರ ಬಳಿಗೆ ಹೋಗುತ್ತಾರೆ. ಇಲ್ಲಿ ಅತ್ತೆ ಕೊಡುವ ಬುದ್ಧಿಮಾತು ಒಂದೇ: ಸ್ವಲ್ಪ ತಾಳು, ಮಗು ಹುಟ್ಟಲಿ, ಗಂಡಸರಿಗೆ ಇಂಥ ಹುಚ್ಚು ಬರುವುದುಂಟು, ಇಳಿಯುವುದೂ ಉಂಟು, ವಿಚ್ಛೇದನದ ಮಾತು ಬೇಡ. ಸಾಂಪ್ರದಾಯಿಕ ಕ್ಯಾಥೊಲಿಕ್ ಮನೆತನದ ಹೆಂಗಸು ಹೇಳಬಹುದಾದ ಮಾತೇ ಇದು, ಮತ್ತು ಅವಳು ಅದನ್ನು ಮನಸಾರೆ ಹೇಳುತ್ತಾಳೆ.

ಈ ಮಾತಿನ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಫ್ರಾನ್ಸಿನಲ್ಲಿ ಕ್ರಾಂತಿಯ ಕಾಲದಲ್ಲಿ, 1792ರಲ್ಲಿ, ವಿಚ್ಛೇದನಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿತು; ರಾಜಪ್ರಭುತ್ವ ಮರಳಿದ ಮೇಲೆ 1816ರಲ್ಲಿ ಅದನ್ನು ಕಿತ್ತು ಹಾಕಿದರು; 1884ರಲ್ಲಿ ಮತ್ತೆ ತಂದಾಗ ಒಬ್ಬರ ತಪ್ಪನ್ನು ಸಾಬೀತು ಮಾಡಿದರೆ ಮಾತ್ರ ಬಿಡುಗಡೆ ಎಂದಾಯಿತು. ಗಂಡ ಹೆಂಡತಿ ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ ಮತ್ತೆ ತೆರೆದದ್ದು 1975ರ ಕಾನೂನಿನಿಂದ. ಅಂದರೆ ಸುಜಾನ್ ಮದುವೆಯಾದ ಕಾಲದಲ್ಲಿ, ಮುರಿದ ಸಂಸಾರವನ್ನು ಮರ್ಯಾದೆಯಿಂದ ನಡೆಸಿಕೊಂಡು ಹೋಗುವ ವಿದ್ಯೆಯನ್ನು ಅಂಥ ಮನೆತನಗಳ ಹೆಂಗಸರು ಕಲಿಯಲೇಬೇಕಾಗಿತ್ತು. ಅವಳ ಮೌನಕ್ಕೆ ಕಪಟವೆಂದು ಹೆಸರಿಡುವುದು ಸುಲಭ. ಆದರೆ ಅದು ಒಂದು ಕಾಲದ ಬದುಕುವ ಕ್ರಮವಾಗಿತ್ತು ಎಂಬುದು ಇಸಬೆಲ್‌ಗೆ ನಿಧಾನವಾಗಿ ಅರ್ಥವಾಗುತ್ತದೆ, ನಮಗೂ ಆಗುತ್ತದೆ. ನಮ್ಮ ದೇಶದಲ್ಲೂ ಹಿಂದೂ ವಿವಾಹ ಕಾಯಿದೆಗೆ ಪರಸ್ಪರ ಒಪ್ಪಿಗೆಯ ವಿಚ್ಛೇದನ ಸೇರಿದ್ದು 1976ರ ತಿದ್ದುಪಡಿಯಲ್ಲಿ. ಅದಕ್ಕೂ ಹಿಂದಿನ ತಲೆಮಾರಿನ ಹೆಂಗಸರು ನಮ್ಮ ಮನೆಗಳಲ್ಲಿ ಎಷ್ಟನ್ನು ಹೊಟ್ಟೆಗೆ ಹಾಕಿಕೊಂಡಿದ್ದರೆಂಬುದು ಈಗ ಅರುವತ್ತು ದಾಟಿದವರಿಗೆಲ್ಲ ಗೊತ್ತು.

ಕಾದಂಬರಿಯ ನಿಜವಾದ ಜೀವ ಇರುವುದು ಒಂದು ಚಿತ್ರದಲ್ಲಿ. ರಾಕ್ಸಿ ಮದುವೆಯಾಗಿ ಪ್ಯಾರಿಸಿಗೆ ಬರುವಾಗ ತವರಿನಲ್ಲಿದ್ದ ಸಂತ ಊರ್ಸುಲಾಳ ಹಳೆಯ ವರ್ಣಚಿತ್ರವೊಂದನ್ನು ಜೊತೆಗೆ ತಂದಿರುತ್ತಾಳೆ. ಕ್ರೈಸ್ತ ಐತಿಹ್ಯದ ಊರ್ಸುಲಾ ಮದುವೆಯನ್ನು ಮುಂದೆ ಹಾಕಿ ಸಾವಿರಾರು ಕನ್ಯೆಯರೊಡನೆ ಯಾತ್ರೆ ಹೊರಟು ಹೂಣರ ಕೈಯಲ್ಲಿ ಹತಳಾದ ರಾಜಕುಮಾರಿ. ಗಂಡ ತೊರೆದ ಹೆಂಗಸಿನ ಮನೆಯ ಗೋಡೆಗೆ ಲೇಖಕಿ ಇವಳನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಸಂಸಾರ ಸರಿಯಿದ್ದಷ್ಟು ದಿನ ಆ ಚಿತ್ರಕ್ಕೆ ಬೆಲೆಯಿರಲಿಲ್ಲ, ಅದು ಇಷ್ಟದ ವಸ್ತು, ಅಷ್ಟೆ. ವಿಚ್ಛೇದನಕ್ಕಾಗಿ ಮನೆಯ ಸಾಮಾನುಗಳ ಪಟ್ಟಿ ಮಾಡಬೇಕಾಗಿ ಬಂದಾಗ ಪ್ರಶ್ನೆ ಏಳುತ್ತದೆ: ಇದು ಜಾರ್ಜ್ ದ ಲಾ ತೂರ್ ಬರೆದ ಚಿತ್ರವಿರಬಹುದೇ? ಲೊರೇನ್ ಪ್ರಾಂತದಲ್ಲಿ 1593ರಲ್ಲಿ ಹುಟ್ಟಿ 1652ರಲ್ಲಿ ತೀರಿಕೊಂಡ ಈ ಕಲಾವಿದ, ಒಂದು ಮೇಣದಬತ್ತಿಯ ಬೆಳಕಿನಲ್ಲಿ ಕುಳಿತ ಮನುಷ್ಯರನ್ನು ಚಿತ್ರಿಸಿದವನು. ಸತ್ತ ಮೇಲೆ ಅವನ ಹೆಸರೇ ಮರೆತುಹೋಗಿ, ಕೃತಿಗಳು ಬೇರೆಯವರ ಹೆಸರಿನಲ್ಲಿ ಸೇರಿ ಹೋಗಿದ್ದವು. 1915ರಲ್ಲಿ ಹರ್ಮನ್ ಫೋಸ್ ಎಂಬ ಜರ್ಮನ್ ವಿದ್ವಾಂಸ ಅವುಗಳನ್ನು ಗುರುತಿಸಿದ ಮೇಲೆಯೇ ಅವನು ಮತ್ತೆ ಬೆಳಕಿಗೆ ಬಂದ. ಉಳಿದಿರುವ ಚಿತ್ರಗಳು ಕಡಿಮೆ. ಆದ್ದರಿಂದ ಮನೆಯ ಗೋಡೆಯಲ್ಲಿದ್ದ ಹಳೆಯ ಪಟವೊಂದು ಅವನದೆಂದು ತೀರ್ಮಾನವಾದರೆ ಅದರ ಬೆಲೆ ಒಂದೇ ದಿನದಲ್ಲಿ ಮನೆತನಗಳನ್ನು ಕದಲಿಸುವಷ್ಟಾಗುತ್ತದೆ. ಮರೆತುಹೋದ ಕಲಾವಿದನನ್ನು ಲೇಖಕಿ ಬೇಕೆಂದೇ ಆರಿಸಿದ್ದಾರೆ. ಹೆಸರು ಖಚಿತವಾಗದ ಚಿತ್ರ ಇದ್ದರೆ ತಾನೆ ತಜ್ಞರು ಬರುವುದು, ಒಬ್ಬೊಬ್ಬರು ತಮ್ಮ ಅನುಕೂಲಕ್ಕೆ ತಕ್ಕಂತೆ ಒಂದೊಂದು ಮಾತು ಹೇಳುವುದು!

ಕಾನೂನಿನ ಮಗ್ಗುಲನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಯಾಕೆಂದರೆ ಹಾಸ್ಯದ ಕೀಲಿ ಅಲ್ಲಿಯೇ ಇದೆ. ಫ್ರಾನ್ಸಿನಲ್ಲಿ 1965ರ ಸುಧಾರಣೆಯ ಬಳಿಕ, ಬೇರೆ ಕರಾರು ಮಾಡಿಕೊಳ್ಳದೆ ಮದುವೆಯಾದವರಿಗೆ ಅನ್ವಯಿಸುವ ನಿಯಮ ಹೀಗಿದೆ: ಮದುವೆಗೆ ಮೊದಲೇ ಇದ್ದದ್ದು, ಉಡುಗೊರೆಯಾಗಿ ಅಥವಾ ಪಿತ್ರಾರ್ಜಿತವಾಗಿ ಬಂದದ್ದು ಅವರವರ ಸ್ವಂತ ಸೊತ್ತು, ಮದುವೆಯ ಬಳಿಕ ಗಳಿಸಿದ್ದು ಇಬ್ಬರದೂ. ಕೇಳಲು ಸರಳ. ಆದರೆ ಸ್ವಂತದ್ದೆಂದು ಹೇಳುವವರು ಅದನ್ನು ತೋರಿಸಿಕೊಡಬೇಕು, ತೋರಿಸಲಾಗದಿದ್ದರೆ ಅದು ಜಂಟಿ ಸೊತ್ತೆಂದೇ ಲೆಕ್ಕ. ತವರಿನಿಂದ ಚಿತ್ರವನ್ನು ಎತ್ತಿಕೊಂಡು ಬರುವ ಮಗಳಿಗೆ ಯಾವ ತಂದೆ ತಾಯಿ ಕಾಗದ ಬರೆದುಕೊಡುತ್ತಾರೆ? ಇದರ ಮೇಲೆ ಇನ್ನೊಂದು ತೊಡಕು. ರಾಕ್ಸಿ ಮತ್ತು ಇಸಬೆಲ್ ಒಡಹುಟ್ಟಿದವರಲ್ಲ. ಇಸಬೆಲ್‌ಳ ತಂದೆ ರಾಕ್ಸಿಯ ತಾಯಿಯನ್ನು ಮದುವೆಯಾದುದರಿಂದ ಅಕ್ಕತಂಗಿಯರಾದವರು. ಹಾಗಾದರೆ ಚಿತ್ರ ಯಾರ ಕಡೆಯದು, ಅದನ್ನು ರಾಕ್ಸಿಗೆ ಕೊಟ್ಟದ್ದೋ, ಅವಳು ತೆಗೆದುಕೊಂಡು ಹೋದದ್ದೋ ಎಂಬ ಮಾತು ಅಮೆರಿಕದ ಮನೆಯೊಳಗೂ ಏಳುತ್ತದೆ. ಎಲ್ಲವನ್ನೂ ಬಾಯಿಬಿಟ್ಟು ಮಾತಾಡುವವರೆಂದು ಹೆಮ್ಮೆಪಡುತ್ತಿದ್ದ ವಾಕರ್ ಮನೆಯವರೂ ಈ ಒಂದು ವಿಷಯದಲ್ಲಿ ಮಾತಿಗೆ ಮೊದಲು ಲೆಕ್ಕ ಹಾಕತೊಡಗುತ್ತಾರೆ. ಫ್ರೆಂಚರ ಮೌನ, ಅಮೆರಿಕನ್ನರ ಮುಕ್ತ ಮಾತು ಎಂದು ಅಲ್ಲಿಯವರೆಗೆ ಗೆರೆ ಎಳೆದಂತಿದ್ದ ಭೇದ ಚಿತ್ರದ ಬೆಲೆ ಕೇಳಿದೊಡನೆ ಅಳಿಸಿಹೋಗುವ ಆ ಅಧ್ಯಾಯಗಳು ಇಡೀ ಪುಸ್ತಕದ ಉತ್ತಮ ಭಾಗ.

ಕಾಸರಗೋಡಿನ ಓದುಗರಿಗೆ ಈ ಭಾಗವನ್ನು ವಿವರಿಸಿ ಹೇಳಬೇಕಾಗಿಲ್ಲ. ಹೆಣ್ಣಿನ ಕಡೆಯಿಂದ ಸೊತ್ತು ಇಳಿಯುವ ಅಳಿಯಸಂತಾನದ ಕುಟುಂಬಗಳು, ಮಲಯಾಳಿಗಳಲ್ಲಿ ಅದೇ ಬಗೆಯ ಮರುಮಕ್ಕತ್ತಾಯದ ತರವಾಡುಗಳು (ಕೂಡುಮನೆಗಳು), ತಂದೆಯಿಂದ ಮಕ್ಕಳಿಗೆ ಸೊತ್ತು ಹೋಗುವ ಮಕ್ಕಳಸಂತಾನದ ಮನೆಗಳು ಒಂದೇ ಊರಿನಲ್ಲಿ ಬೇಲಿಗೆ ಬೇಲಿ ತಾಗಿಕೊಂಡಿದ್ದ ನೆಲ ಇದು. ಕೇರಳದ ಅವಿಭಕ್ತ ಕುಟುಂಬ ಪದ್ಧತಿ ರದ್ದಿಯಾತಿ ಕಾಯಿದೆ 1975ರಲ್ಲಿ ಆಗಿ, 1976ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಪಾಲುಪಟ್ಟಿ ಕಾಣದ ದೊಡ್ಡ ಮನೆ ನಮ್ಮಲ್ಲಿ ಅಪರೂಪ. ಪಾಲಿನ ದಿನ ತೋಟ, ಗದ್ದೆ, ಬಾವಿಯ ನೀರಿನ ಹಕ್ಕುಗಳೆಲ್ಲ ಸುಸೂತ್ರವಾಗಿ ಮುಗಿದು, ಕೊನೆಗೆ ದೇವರ ಕೋಣೆಯ ಒಂದು ಕಾಲುದೀಪದ ಮುಂದೆ ಮಾತು ನಿಂತುಹೋಗುವುದನ್ನು ಕಂಡವರು ಎಷ್ಟೋ ಮಂದಿ. ಆ ಹೊತ್ತಿಗೆ ಯಾರೂ ದೀಪದ ಬೆಲೆ ಹೇಳುವುದಿಲ್ಲ. ಅಜ್ಜಿ ಯಾರನ್ನು ಹೆಚ್ಚು ಮುದ್ದು ಮಾಡುತ್ತಿದ್ದರು, ಅವರ ಕೊನೆಗಾಲದಲ್ಲಿ ಯಾರು ನೋಡಿಕೊಂಡರು ಎಂಬ ಮಾತುಗಳು ಬರುತ್ತವೆ. ಪೆರ್ಸಾಂ ಮತ್ತು ವಾಕರ್ ಮನೆಗಳ ನಡುವೆ ಆ ಚಿತ್ರ ನಿಲ್ಲುವುದೂ ಹೀಗೆಯೇ. ಮದುವೆಯಲ್ಲಿ ಹೆಣ್ಣಿಗೆ ಕೊಟ್ಟ ಚಿನ್ನಕ್ಕೆ ಚೀಟಿ ಇಟ್ಟುಕೊಳ್ಳದೆ ಮುಂದೆ ಕಷ್ಟಪಟ್ಟ ತಾಯಂದಿರನ್ನು ನಮ್ಮ ಕುಟುಂಬ ನ್ಯಾಯಾಲಯದ ಜಗಲಿಯಲ್ಲಿ ಕಂಡ ನನಗೆ, ರಾಕ್ಸಿಯ ಪೇಚಾಟ ಓದುವಾಗ ನಗುವಿನ ಜೊತೆಗೆ ಹೊಟ್ಟೆಯಲ್ಲಿ ಸಂಕಟವೂ ಆಯಿತು. ಕಥೆಗೆ ಇನ್ನೂ ಒಂದು ಗಂಟು ಇದೆ. ಮಹತ್ವದ ಕಲಾಕೃತಿ ದೇಶ ಬಿಟ್ಟು ಹೋಗದಂತೆ ತಡೆಯುವ ಅಧಿಕಾರವನ್ನು ಫ್ರೆಂಚ್ ಸರಕಾರ ತನ್ನ ಕೈಯಲ್ಲಿ ಇಟ್ಟುಕೊಂಡಿದೆ. ಅಮೆರಿಕದಿಂದ ಬಂದ ಚಿತ್ರ ತಿರುಗಿ ಹೋಗಬಹುದೇ ಎಂಬ ಪ್ರಶ್ನೆಗೆ ಲೂವ್ರ್ ಸಂಗ್ರಹಾಲಯವೂ ಹರಾಜು ಸಂಸ್ಥೆಗಳೂ ಬಂದು ಸೇರುವುದರಿಂದ ಗಂಡ ಹೆಂಡತಿಯ ಜಗಳ ಎರಡು ದೇಶಗಳ ವ್ಯವಹಾರವಾಗಿ ಬೆಳೆಯುತ್ತದೆ.

ಎಡ್ಗಾರ್ ಮತ್ತು ಇಸಬೆಲ್‌ಳ ಪ್ರೇಮದ ಕುರಿತು ನನ್ನ ಅಭಿಪ್ರಾಯ ಇಷ್ಟು ನಿಸ್ಸಂದೇಹವಾದುದಲ್ಲ. ಎಡ್ಗಾರ್ ಸಾರ್ವಜನಿಕ ಬದುಕಿನಲ್ಲಿ ಹೆಸರು ಮಾಡಿದವನು, ವಿವಾಹಿತ, ಟಿವಿಯಲ್ಲಿ ಬೋಸ್ನಿಯಾದ ಯುದ್ಧದ ಕುರಿತು ಮಾತಾಡುವವನು. 1992ರಿಂದ 1995ರವರೆಗೆ ನಡೆದ ಆ ಯುದ್ಧದಲ್ಲಿ ಯುರೋಪು ಕೈಕಟ್ಟಿ ಕುಳಿತಿದ್ದುದು ಅವನನ್ನು ಕೊರೆಯುತ್ತದೆ. ಪ್ಯಾರಿಸಿನ ಊಟ, ವೈನು, ಬಟ್ಟೆಬರೆ, ಮಾತಿನ ರೀತಿ ಎಲ್ಲವನ್ನೂ ಇಸಬೆಲ್ ಕಲಿಯುವುದು ಅವನಿಂದ. ತನ್ನ ಹೊರಗೆ ಒಂದು ಜಗತ್ತಿದೆ, ಅಲ್ಲಿ ಜನ ಸಾಯುತ್ತಿದ್ದಾರೆ, ಅದರ ಬಗ್ಗೆ ಒಬ್ಬ ವ್ಯಕ್ತಿಗೆ ಹೊಣೆಯಿದೆ ಎಂಬುದನ್ನು ಕಲಿಯುವುದೂ ಅವನಿಂದಲೇ. ಈ ಎರಡನೆಯ ಕಲಿಕೆಯನ್ನು ಲೇಖಕಿ ಬಹಳ ಚೆನ್ನಾಗಿ ಹೇಳಿದ್ದಾರೆ. ಆದರೆ ಎಪ್ಪತ್ತರ ಗಂಡಸು, ಇಪ್ಪತ್ತು ದಾಟಿದ ಹುಡುಗಿ ಎಂಬ ಅಂತರವನ್ನು ಕಾದಂಬರಿ ಬಹಳ ಸಲೀಸಾಗಿ ದಾಟಿಬಿಡುತ್ತದೆ. ಪುಸ್ತಕವನ್ನು ನನ್ನಿಂದ ಓದಲು ಕೊಂಡುಹೋದ ನೆರೆಮನೆಯ ನಿವೃತ್ತ ಟೀಚರ್ ಇದನ್ನು ಒಪ್ಪಲಿಲ್ಲ. “ವಕೀಲರೇ, ಆ ಹುಡುಗಿಗೆ ಅಲ್ಲಿ ಯಾರಾದರೂ ಮುಖ ಕೊಟ್ಟು ಮಾತಾಡಿಸಿದ್ದಿದ್ದರೆ ಆ ಮುದುಕರೊಬ್ಬರೇ ಅಲ್ಲವೇ? ಉಳಿದವರೆಲ್ಲ ಅವಳನ್ನು ಮಗು ನೋಡಿಕೊಳ್ಳಲು ಬಂದವಳೆಂದೇ ಕಂಡರು” ಎಂದರು. “ಸರಿ ಟೀಚರೇ, ಆದರೆ ಅವರಿಗೆ ಹೆಂಡತಿ ಇದ್ದರಲ್ಲ” ಎಂದು ನಾನು ಹೇಳಿದ್ದಕ್ಕೆ, ಅದು ಇಸಬೆಲ್ ಉತ್ತರಿಸಬೇಕಾದ ಪ್ರಶ್ನೆಯಲ್ಲ, ಎಡ್ಗಾರ್ ಉತ್ತರಿಸಬೇಕಾದದ್ದು ಎಂದು ಮಾತು ಮುಗಿಸಿದರು. ಅವರ ಮಾತಿನಲ್ಲಿ ಸತ್ಯವಿದೆ, ಆದರೂ ನನ್ನ ತಕರಾರು ಉಳಿದಿದೆ.

ಈ ಸಂಬಂಧದ ಎಳೆಯಲ್ಲಿ ಒಂದು ವಸ್ತುವನ್ನು ಮಾತ್ರ ಮೆಚ್ಚದಿರಲು ಸಾಧ್ಯವಿಲ್ಲ. ಎಡ್ಗಾರ್ ಅವಳಿಗೆ ದುಬಾರಿ ಚರ್ಮದ ಸಾಮಾನಿಗೆ ಹೆಸರಾದ ಎರ್ಮೆಸ್ ಸಂಸ್ಥೆಯ ಕೆಲ್ಲಿ ಚೀಲವನ್ನು ಉಡುಗೊರೆಯಾಗಿ ಕೊಡುತ್ತಾನೆ. ನಟಿ, ಬಳಿಕ ಮೊನಾಕೊದ ರಾಜಕುಮಾರಿಯಾದ ಗ್ರೇಸ್ ಕೆಲ್ಲಿ 1956ರಲ್ಲಿ ಅದನ್ನು ಹಿಡಿದು ಕಾಣಿಸಿಕೊಂಡದ್ದರಿಂದ ಆ ಹೆಸರು ಬಂತು. ಗಟ್ಟಿ ಚರ್ಮ, ಮೇಲೆ ಒಂದೇ ಹಿಡಿ, ಮುಂದುಗಡೆ ಪಟ್ಟಿಗಳನ್ನು ಸೇರಿಸುವ ತಿರುಗಣೆ, ಅದಕ್ಕೊಂದು ಪುಟ್ಟ ಬೀಗ, ಚರ್ಮದ ಚೀಲದೊಳಗೆ ಮುಚ್ಚಿಟ್ಟ ಬೀಗದಕೈ. ಒಂದು ಚೀಲವನ್ನು ಒಬ್ಬನೇ ಕುಶಲಕರ್ಮಿ ಮೊದಲಿಂದ ಕೊನೆಯವರೆಗೆ ಕೈಯಿಂದ ಹೊಲಿಯುತ್ತಾನೆ. ಇಸಬೆಲ್‌ಗೆ ಅದು ಚೆಂದದ ಚೀಲ ಮಾತ್ರ, ಬೆಲೆಯ ಅರಿವಿಲ್ಲ, ಎಲ್ಲ ಕಡೆಗೂ ಹೆಗಲಿಗೇರಿಸಿಕೊಂಡು ಹೋಗುತ್ತಾಳೆ. ಪ್ಯಾರಿಸಿನ ಹೆಂಗಸರಿಗೆ ಮಾತ್ರ ಒಂದು ನೋಟ ಸಾಕು. ಇಂಥ ಚೀಲ ಇಂಥ ಹುಡುಗಿಯ ಕೈಗೆ ಹೇಗೆ ಬಂತು, ಯಾರು ಕೊಟ್ಟಿರಬಹುದು, ಕೊಟ್ಟವನ ಪ್ರಾಯ ಎಷ್ಟಿರಬಹುದು ಎಂಬುದನ್ನೆಲ್ಲ ಅವರು ಓದಿಬಿಡುತ್ತಾರೆ. ಯಾರೂ ಏನನ್ನೂ ಕೇಳುವುದಿಲ್ಲ. ಇಸಬೆಲ್ ಜತನದಿಂದ ಕಾಪಾಡಿದ ಗುಟ್ಟನ್ನು ಅವಳ ಕೈಯಲ್ಲಿರುವ ಚೀಲವೇ ಬೀದಿಬೀದಿಯಲ್ಲಿ ಹೇಳಿಕೊಂಡು ಹೋಗುತ್ತದೆ. ಅವಳು ಇದನ್ನು ಅರಿಯುವ ಕ್ಷಣವನ್ನು ಲೇಖಕಿ ಒಂದೇ ಏಟಿಗೆ ಹೇಳದೆ, ಒಬ್ಬೊಬ್ಬರ ಕಣ್ಣು ಚೀಲದ ಮೇಲೆ ಒಂದು ಗಳಿಗೆ ನಿಂತು ಸರಿಯುವುದನ್ನು ತೋರಿಸುತ್ತಾ ಹೋಗಿದ್ದಾರೆ. ಹಾಸ್ಯ ಬರೆಯಬೇಕೆನ್ನುವ ನಮ್ಮ ಎಳೆಯರು ಈ ಪುಟಗಳನ್ನು ಕೂತು ಅಭ್ಯಾಸ ಮಾಡಬೇಕು.

ರಾಕ್ಸಿಗೂ ಇಸಬೆಲ್‌ಗೂ ಇರುವ ವ್ಯತ್ಯಾಸದಲ್ಲಿ ಲೇಖಕಿಯ ತಿಳಿವಳಿಕೆ ಎದ್ದು ಕಾಣುತ್ತದೆ. ರಾಕ್ಸಿ ಫ್ರಾನ್ಸನ್ನು ಮೊದಲೇ ಪ್ರೀತಿಸಿ ಬಂದವಳು. ಅಲ್ಲಿನ ಕಾವ್ಯ, ಅಡುಗೆ, ಧರ್ಮ, ಹಳೆಯ ಕಲ್ಲಿನ ಬೀದಿ ಎಲ್ಲವೂ ಅವಳಿಗೆ ಪೂಜ್ಯ. ಸೀನ್ ನದಿಯ ಎಡದಂಡೆಯಲ್ಲಿ, ಮೊಬೆರ್ ಚೌಕದ ಬಳಿಯ ಓಣಿಯಲ್ಲಿ ಮನೆ ಮಾಡಿದ್ದೇ ಅವಳಿಗೆ ಒಂದು ಸಾಧನೆ. ಗಂಡ ಹೋದಾಗ ಅವಳಿಂದ ದೂರವಾಗುವುದು ಗಂಡನೊಬ್ಬನೇ ಅಲ್ಲ, ತಾನು ಕಟ್ಟಿಕೊಂಡ ಆ ನಾಡಿನ ಚಿತ್ರವೂ ಹೋಗುತ್ತದೆ. ಜೀವವನ್ನೇ ಬಿಟ್ಟುಬಿಡಲು ಹೊರಡುವಷ್ಟು ಅವಳು ಕುಸಿಯುತ್ತಾಳೆ. ಹಾಸ್ಯ ಕಾದಂಬರಿಯೊಂದು ಈ ನೋವನ್ನು ಮುಚ್ಚಿಡದೆ, ಅದನ್ನು ನಗುವಿಗೆ ಬಳಸದೆ, ಇದ್ದ ಹಾಗೆ ನೋಡಿದ್ದು ದೊಡ್ಡ ಗುಣ. ಇಸಬೆಲ್ ಏನನ್ನೂ ನಿರೀಕ್ಷಿಸದೆ ಬಂದವಳು. ಪ್ಯಾರಿಸಿನಲ್ಲಿರುವ ಅಮೆರಿಕನ್ನರ ನಾಯಿಯನ್ನು ತಿರುಗಾಡಿಸಿ, ಒಬ್ಬ ವಯಸ್ಸಾದ ಲೇಖಕಿಯ ಕಾಗದಪತ್ರ ಜೋಡಿಸಿಕೊಟ್ಟು ಕೈಖರ್ಚು ಗಳಿಸುತ್ತಾಳೆ. ಹೋದಲ್ಲೆಲ್ಲ ಕಣ್ಣು ಕಿವಿ ತೆರೆದಿಟ್ಟುಕೊಳ್ಳುತ್ತಾಳೆ, ಎಲ್ಲವನ್ನೂ ಸಿನಿಮಾದ ದೃಶ್ಯವೆಂಬಂತೆ ದೂರ ನಿಂತು ಕಾಣುತ್ತಾಳೆ. ಹೀಗಾಗಿ ಆ ನಾಡು ಅವಳಿಗೆ ಹೆಚ್ಚು ಸಿಗುತ್ತದೆ. ಅವಳ ಹೆಸರು ಹೆನ್ರಿ ಜೇಮ್ಸ್ ಅವರ 1881ರ ಕಾದಂಬರಿಯ ಇಸಬೆಲ್ ಆರ್ಚರಳನ್ನು ನೆನಪಿಸುತ್ತದೆ. ಯುರೋಪಿಗೆ ಬಂದು ಮೋಸಹೋಗುವ ಮುಗ್ಧ ಅಮೆರಿಕನ್ ಹೆಣ್ಣಿನ ಆ ಹಳೆಯ ಕಥೆಯನ್ನು ನೂರು ವರ್ಷದ ಬಳಿಕ ತಿರುಗಿಸಿ ಹೇಳಿದ ಕೃತಿ ಇದು. ಜೇಮ್ಸ್ ಅವರನ್ನು ಓದಿರದವರಿಗೂ ಇದರಿಂದ ಯಾವ ತೊಂದರೆಯೂ ಆಗದು.

ಕೊರತೆಗಳೂ ಇವೆ. ಕಥೆಯ ಕೊನೆಯ ಭಾಗ ಪ್ಯಾರಿಸಿನ ಪೂರ್ವಕ್ಕೆ 1992ರಲ್ಲಿ ತೆರೆದ ಯುರೋ ಡಿಸ್ನಿಗೆ ಹೋಗುತ್ತದೆ. ಅಮೆರಿಕದವರು ಫ್ರಾನ್ಸಿನ ನೆಲದಲ್ಲಿ ಕಟ್ಟಿದ ಮಾಯಾಲೋಕದಲ್ಲಿ ಎರಡೂ ಮನೆಯವರನ್ನು ತಂದು ನಿಲ್ಲಿಸುವ ಯೋಚನೆ ಒಳ್ಳೆಯದೇ. ಆದರೆ ಅಲ್ಲಿಯವರೆಗೆ ಒಂದು ನೋಟ, ಒಂದು ತಟ್ಟೆ, ಒಂದು ಪಟ್ಟಿಯಿಂದಲೇ ಕಥೆ ನಡೆಸಿದ ಲೇಖಕಿ ಒಮ್ಮೆಗೇ ಹಿಂಸೆಯ, ಗಡಿಬಿಡಿಯ ಘಟನೆಗಳಿಗೆ ಕೈಹಾಕುತ್ತಾರೆ. ಮನುಷ್ಯರು ತಾವಾಗಿ ಬಿಡಿಸಿಕೊಳ್ಳಬೇಕಾಗಿದ್ದ ಗಂಟನ್ನು ಹೊರಗಿನ ಒಬ್ಬನು ಬಂದು ಕತ್ತರಿಸಿದ ಹಾಗಾಗಿದೆ. ವಿಚ್ಛೇದನದ ವ್ಯವಹಾರ ನ್ಯಾಯಾಲಯದಲ್ಲಿ ಹೇಗೆ ಮುಗಿಯುತ್ತಿತ್ತು ಎಂದು ಕಾದು ಕುಳಿತಿದ್ದ ನನಗೆ ಇದರಿಂದ ತುಂಬ ನಿರಾಸೆಯಾಯಿತು. ಇಸಬೆಲ್‌ಳ ಮಾತು ಕೆಲವೆಡೆ ಅವಳ ಪ್ರಾಯಕ್ಕೆ ಹೊಂದುವುದಿಲ್ಲ, ಅರುವತ್ತು ದಾಟಿದ ಲೇಖಕಿಯ ದನಿ ಒಳಗಿನಿಂದ ಕೇಳಿಸುತ್ತದೆ. ಇನ್ನು, ಇಲ್ಲಿರುವ ಪ್ಯಾರಿಸ್ ಉಳ್ಳವರ ಪ್ಯಾರಿಸ್. ಉತ್ತರ ಆಫ್ರಿಕಾದಿಂದಲೂ ಫ್ರೆಂಚರ ಹಳೆಯ ವಸಾಹತುಗಳಿಂದಲೂ ಬಂದು ಆ ನಗರವನ್ನು ನಡೆಸುತ್ತಿರುವವರ ಬದುಕು ಈ ಪುಟಗಳಿಗೆ ಬರುವುದೇ ಇಲ್ಲ. ಕಣ್ಣೂರು, ತಲಶ್ಶೇರಿ ದಾಟಿದೊಡನೆ ಸಿಗುವ ಮಾಹೆ 1954ರವರೆಗೆ ಫ್ರೆಂಚರ ಆಡಳಿತದಲ್ಲಿತ್ತು; ಅಲ್ಲಿಂದ ಫ್ರಾನ್ಸಿಗೆ ಹೋಗಿ ನೆಲೆಸಿದ ಕುಟುಂಬಗಳೂ ಇವೆ. ಅಂಥವರೊಬ್ಬರ ಕಣ್ಣಿಗೆ ಸುಜಾನ್‌ಳ ಭಾನುವಾರದ ಮೇಜು ಹೇಗೆ ಕಂಡೀತು ಎಂಬ ಪ್ರಶ್ನೆ ಓದುತ್ತಿದ್ದಷ್ಟು ಹೊತ್ತೂ ನನ್ನನ್ನು ಬಿಡಲಿಲ್ಲ. ಅದನ್ನು ನಮ್ಮ ಕರಾವಳಿಯವರೇ ಯಾರಾದರೂ ಬರೆಯಬೇಕು.

ಓದುವ ಅನುಕೂಲದ ಕುರಿತು ಒಂದೆರಡು ಮಾತು. ಇಂಗ್ಲಿಷು ಕಷ್ಟದ್ದಲ್ಲ, ವಾಕ್ಯಗಳು ಚುರುಕಾಗಿವೆ, ಅಧ್ಯಾಯಗಳು ಚಿಕ್ಕವು. ಪದವಿ ತರಗತಿಯ ಮಕ್ಕಳೂ ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು. ನಡುನಡುವೆ ಫ್ರೆಂಚ್ ಮಾತುಗಳು ಹಾಗೆಯೇ ಬರುತ್ತವೆ, ಅವನ್ನು ಬಿಟ್ಟು ಓದಿದರೂ ಕಥೆ ಕೈತಪ್ಪುವುದಿಲ್ಲ. ಪುಟಗಳು ಮುನ್ನೂರರ ಆಸುಪಾಸು. ನಮ್ಮೂರಿನ ಅಂಗಡಿಗಳಲ್ಲಿ ಇದು ಸಿಗುವುದು ಕಷ್ಟ, ತರಿಸಿಕೊಳ್ಳಬೇಕು. ಹಳೆಯ ಪ್ರತಿಯಾದರೆ ಅಚ್ಚು ಸಣ್ಣದಿರುವ ಸಾಧ್ಯತೆಯಿದೆ, ಕನ್ನಡಕ ಹಾಕುವವರು ದೊಡ್ಡ ಅಳತೆಯ ಪೇಪರ್‌ಬ್ಯಾಕ್ ನೋಡಿ ತರಿಸಿಕೊಳ್ಳುವುದು ಒಳ್ಳೆಯದು.

ಇದೇ ಹೆಸರಿನ ಚಲನಚಿತ್ರ 2003ರಲ್ಲಿ ಬಂತು. ಜೇಮ್ಸ್ ಐವರಿ ನಿರ್ದೇಶಿಸಿದ, ಮುಂಬಯಿಯಲ್ಲಿ ಹುಟ್ಟಿದ ಇಸ್ಮಾಯಿಲ್ ಮರ್ಚಂಟ್ ನಿರ್ಮಿಸಿದ ಈ ಚಿತ್ರದಲ್ಲಿ ಕೇಟ್ ಹಡ್ಸನ್, ನವೋಮಿ ವಾಟ್ಸ್ ಅಕ್ಕತಂಗಿಯರಾಗಿ ನಟಿಸಿದ್ದಾರೆ. ಅದರಲ್ಲಿ ಇಬ್ಬರೂ ಒಡಹುಟ್ಟಿದವರಾಗಿದ್ದಾರೆ. ಎಡ್ಗಾರ್‌ನ ಪ್ರಾಯ ಇಳಿದಿದೆ. ಕೊನೆಯ ಘಟನೆ ಡಿಸ್ನಿಯಿಂದ ಐಫೆಲ್ ಗೋಪುರಕ್ಕೆ ಸ್ಥಳಾಂತರವಾಗಿದೆ. ನೋಡಲು ಸೊಗಸಾಗಿದೆ, ಆದರೆ ಒಡಹುಟ್ಟಿದವರೆಂದು ಮಾಡಿದೊಡನೆ ಊರ್ಸುಲಾಳ ವರ್ಣಚಿತ್ರ ಯಾರ ಕಡೆಯದೆಂಬ ವಾಕರ್ ಮನೆಯೊಳಗಿನ ಜಗ್ಗಾಟ ಸೊರಗಿದೆ, ಕಾದಂಬರಿಯ ಅರ್ಧ ಬಲ ಅಲ್ಲಿಯೇ ಹೋಯಿತು. ಮೊದಲು ಪುಸ್ತಕ ಓದಿ, ಆಮೇಲೆ ಬೇಕಿದ್ದರೆ ಸಿನಿಮಾ ನೋಡಿ. ಜಾನ್ಸನ್ ಫ್ರಾನ್ಸಿನಲ್ಲಿರುವ ಅಮೆರಿಕನ್ನರ ಕುರಿತು ‘ಲ ಮಾರಿಯಾಜ್’ ಮತ್ತು ‘ಲಾಫೇರ್’ ಎಂಬ ಇನ್ನೆರಡು ಕಾದಂಬರಿಗಳನ್ನು 2000 ಮತ್ತು 2003ರಲ್ಲಿ ಪ್ರಕಟಿಸಿದ್ದಾರೆ. ಕಥೆಗಳು ಬೇರೆ ಬೇರೆಯಾದುದರಿಂದ ಯಾವುದನ್ನು ಮೊದಲು ಓದಿದರೂ ಆಗುತ್ತದೆ, ಆದರೂ ಆರಂಭಕ್ಕೆ ನಾನು ಕೊಡುವುದು ‘ಲ ದಿವೋರ್ಸ್’ ಅನ್ನೇ.